ಅಗಲ ಹಣೆಗೆ ಯಾವ ಬೈತಲೆ?

ಅಗಲ ಹಣೆಯ ಹೆಣ್ಣುಮಕ್ಕಳಿಗೆ ಊರಲ್ಲಿ ಒಂದು ಮಾತು, ಪಾರ್ಲರಿನಲ್ಲಿ ಇನ್ನೊಂದು. ಊರಲ್ಲಿ ಅಜ್ಜಿಯಂದಿರು ಗದ್ದ ಹಿಡಿದು "ಹಣೆ ನೋಡು ಎಷ್ಟು ಅಗಲ, ಪುಣ್ಯವಂತಿ" ಅನ್ನುತ್ತಾರೆ. ಪಾರ್ಲರಿನ ಕುರ್ಚಿಯಲ್ಲಿ ಕೂತು ಇನ್ನೂ ಕ್ಲಿಪ್ ತೆಗೆದಿರುವುದಿಲ್ಲ, "ಮೇಡಂ, ನಿಮ್ಮ ಫೋರ್‌ಹೆಡ್ ಸ್ವಲ್ಪ ಬ್ರಾಡ್, ಫ್ರಿಂಜ್ ಮಾಡಿಸಿ, ಕವರ್ ಆಗತ್ತೆ" ಎಂಬ ಸಲಹೆ ಬಂದುಬಿಡುತ್ತದೆ. ಫ್ರಿಂಜ್ ಅಂದರೆ ಗಿಡ್ಡಗೆ ಕತ್ತರಿಸಿ ಹಣೆಯ ಮೇಲೆ ಇಳಿಬಿಟ್ಟ ಮುಂಗೂದಲು. ನನ್ನ ತಾಯಿಯ ಕಡೆಯ ಹೆಂಗಸರಿಗೆಲ್ಲ ಒಂದೇ ಹಣೆ. ಎತ್ತರ, ಅಗಲ, ಮೇಲಿನ ಎರಡೂ ಮೂಲೆಗಳಲ್ಲಿ ಕೂದಲು ಒಂದಿಷ್ಟು ಹಿಂದಕ್ಕೆ. ಈ ಎರಡೂ ಮಾತುಗಳನ್ನು ಕೇಳಿಕೊಂಡೇ ನಾವು ಬೆಳೆದೆವು. ಈಗ ಹೈಸ್ಕೂಲಿನಲ್ಲಿರುವ ಮಗಳು ಕನ್ನಡಿ ಮುಂದೆ ನಿಂತು "ನನಗೆ ಯಾವ ಕಟ್ ಒಪ್ಪತ್ತೆ?" ಎಂದು ಕೇಳತೊಡಗಿದ್ದಾಳೆ. ಅವಳಿಗೆ ತುಂಡುತುಂಡಾಗಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಅನಿಸಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಹಣೆಯನ್ನು ಮುಚ್ಚಬೇಕು ಅನ್ನುವ ಕಡೆಯಿಂದ ಹೊರಟರೆ ಬಹಳಷ್ಟು ಸಲ ಕೂದಲಿಗೆ ಒಗ್ಗದ ಕಟ್ ಗಂಟುಬೀಳುತ್ತದೆ. ಹಣೆ ತನ್ನ ಪಾಡಿಗಿರಲಿ. ನೋಡುವವರ ಕಣ್ಣಿಗೆ ಅದರ ಅಂಚಿನಲ್ಲೋ ನಡುವಿನಲ್ಲೋ ಒಂದು ತಂಗುದಾಣ ಸಿಕ್ಕರೆ ಮುಖದ ಅಳತೆ ತಾನೇ ಸಮವಾಗಿ ಕಾಣುತ್ತದೆ.

ಫ್ರಿಂಜ್ ಎಂದ ಕೂಡಲೇ ನಮ್ಮ ದೇಶದ ಮಟ್ಟಿಗೆ ನೆನಪಾಗಬೇಕಾದವರು ನಟಿ ಸಾಧನಾ. 1960ರಲ್ಲಿ ತೆರೆಕಂಡ 'ಲವ್ ಇನ್ ಶಿಮ್ಲಾ' ಹಿಂದಿ ಚಿತ್ರಕ್ಕೆ ನಾಯಕಿಯಾಗುವಾಗ ಆಕೆಗೆ ಇಪ್ಪತ್ತು ತುಂಬಿರಲಿಲ್ಲ. ಕ್ಯಾಮೆರಾದಲ್ಲಿ ಹಣೆ ಅಗಲವಾಗಿ ಕಾಣುತ್ತದೆ ಎಂಬ ಚಿಂತೆ ಬಂತು. ನಿರ್ದೇಶಕ ಆರ್.ಕೆ. ನಯ್ಯರ್ ಮೊದಲು ಕೂದಲಂಚಿಗೆ ಒಂದು ಪಟ್ಟಿ ಅಂಟಿಸಿ ನೋಡಿದರು, ಅದು ಸರಿಹೋಗಲಿಲ್ಲ. ಆಮೇಲೆ ಹಾಲಿವುಡ್ ನಟಿ ಆಡ್ರಿ ಹೆಪ್‌ಬರ್ನ್ ಹಣೆಯ ಮೇಲೆ ಇಳಿಬಿಡುತ್ತಿದ್ದ ಗಿಡ್ಡ ಕೂದಲು ನೆನಪಾಗಿ ಅದೇ ಬಗೆಯಲ್ಲಿ ಕತ್ತರಿಸಿಕೊಳ್ಳಲು ಹೇಳಿದರು. ಚಿತ್ರದಲ್ಲಿ ಆಕೆಯದು ದಪ್ಪ ಕನ್ನಡಕದ ಸಾದಾ ಹುಡುಗಿಯೊಬ್ಬಳು ಚೆಲುವೆಯಾಗಿ ಬದಲಾಗುವ ಪಾತ್ರ. ಆ ಬದಲಾವಣೆಯ ಗುರುತೇ ಹಣೆಯ ಮೇಲಿನ ಆ ಕೂದಲು. ಅಲ್ಲಿಂದ ಮುಂದೆ ಕ್ಷೌರದಂಗಡಿಗಳಲ್ಲೂ ಕಾಲೇಜುಗಳಲ್ಲೂ ಅದು 'ಸಾಧನಾ ಕಟ್' ಆಯಿತು. ನಮ್ಮ ಕಡೆಯ ಹಳೆಯ ಆಲ್ಬಮ್ಮುಗಳನ್ನು ತೆರೆದರೆ, ಎರಡು ಜಡೆ ಹಾಕಿ ಲಂಗ ದಾವಣಿ ಉಟ್ಟ ಹುಡುಗಿಯರ ಹಣೆಯ ಮೇಲೂ ಆ ಗಿಡ್ಡ ಕೂದಲು ಕಾಣಸಿಗುತ್ತದೆ.

ಈ ಕಥೆಯಲ್ಲಿ ಜನ ಅಷ್ಟಾಗಿ ಹೇಳದ ಇನ್ನೊಂದು ಭಾಗವಿದೆ. ಅದೇ ವರ್ಷ ನಿರ್ದೇಶಕ ಬಿಮಲ್ ರಾಯ್ ಅವರ 'ಪರಖ್' ಚಿತ್ರ ಕೂಡ ಬಂತು. ಅದರಲ್ಲಿ ಸಾಧನಾ ಹಳ್ಳಿಯ ಹುಡುಗಿ. ಕೂದಲನ್ನು ಹಿಂದಕ್ಕೆ ಬಾಚಿ, ಸಾದಾ ಸೀರೆಯುಟ್ಟು, ಹಣೆ ಪೂರ್ತಿ ತೆರೆದುಕೊಂಡೇ ಕಾಣಿಸಿಕೊಳ್ಳುತ್ತಾರೆ. ಮಳೆ ನೋಡುತ್ತಾ ಹಾಡುವ ಆ ಮುಖದಲ್ಲಿ ಏನೋ ಕೊರತೆಯಿದೆ ಎಂದು ನನಗೆ ಯಾವತ್ತೂ ಅನಿಸಿಲ್ಲ. ಒಂದೇ ಹಣೆ, ಒಂದೇ ವರ್ಷ, ಎರಡು ಕೇಶವಿನ್ಯಾಸ. ಮಗಳಿಗೆ ನಾನು ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದೆ.

ಹದಿನೈದನೇ ಶತಮಾನದ ಯುರೋಪಿನಲ್ಲಂತೂ ಸಿರಿವಂತ ಮನೆತನದ ಹೆಂಗಸರು ಹಣೆ ಇನ್ನಷ್ಟು ಎತ್ತರವಾಗಿ ಕಾಣಲೆಂದು ಮುಂಭಾಗದ ಕೂದಲನ್ನು ಕಿತ್ತುಕೊಳ್ಳುತ್ತಿದ್ದರು. ಇಟಲಿಯ ಫ್ಲಾರೆನ್ಸಿನ ಉಫಿಜಿ ಸಂಗ್ರಹಾಲಯದಲ್ಲಿ ಚಿತ್ರಕಾರ ಪಿಯೆರೊ ಡೆಲ್ಲಾ ಫ್ರಾಂಚೆಸ್ಕಾ ಬರೆದ, ಅಂಥ ಮನೆತನದ ಬಟ್ಟಿಸ್ಟಾ ಸ್ಫೋರ್ಜಾಳ ಚಿತ್ರವಿದೆ. ಅದನ್ನು ನೋಡಿದರೆ ಆ ಕಾಲದ ಇಷ್ಟ ಎಂಥದೆಂದು ತಿಳಿಯುತ್ತದೆ.

ಇನ್ನು ಅಳತೆ. "ನಾಲ್ಕು ಬೆರಳು ಇಟ್ಟು ನೋಡು, ಅದಕ್ಕಿಂತ ಹೆಚ್ಚಿದ್ದರೆ ದೊಡ್ಡ ಹಣೆ" ಎಂದು ಗೆಳತಿಯರೆಲ್ಲ ಹೇಳುತ್ತಾರೆ. ಈ ನಾಲ್ಕರ ಲೆಕ್ಕ ಹಳೆಯದು. ಆರನೇ ಶತಮಾನದ ವರಾಹಮಿಹಿರ 'ಬೃಹತ್ಸಂಹಿತೆ'ಯಲ್ಲಿ ಪ್ರತಿಮೆಯ ಲಕ್ಷಣ ಹೇಳುವಾಗ ಮೂಗು, ಹಣೆ, ಗದ್ದ ತಲಾ ನಾಲ್ಕು ಅಂಗುಲ ಎನ್ನುತ್ತಾನೆ. ಕೂದಲಂಚಿನಿಂದ ಹುಬ್ಬಿಗೆ, ಹುಬ್ಬಿನಿಂದ ಮೂಗಿನ ಬುಡಕ್ಕೆ, ಅಲ್ಲಿಂದ ಗದ್ದದ ತುದಿಗೆ ಮೂರು ಸಮಪಾಲು ಎಂಬ ಲೆಕ್ಕವನ್ನೇ ಇವತ್ತಿನ ಬ್ಯೂಟಿಷಿಯನ್ ಕೋರ್ಸುಗಳಲ್ಲೂ ಕಲಿಸುತ್ತಾರೆ. ಆದರೆ ಅದು ಶಿಲ್ಪಿಗೆ ಕೊಟ್ಟ ಅಳತೆ. ಜೀವಂತ ಮುಖಗಳಲ್ಲಿ ಮೂರು ಪಾಲು ಸಮವಾಗಿರುವುದು ಅಪರೂಪ. ಬೆರಳಿಟ್ಟು ನೋಡುವುದರಿಂದ ಸಿಗುವ ಉಪಯೋಗ ಬೇರೆ ಇದೆ: ನಿಮ್ಮ ಹಣೆ ಎತ್ತರವೋ ಅಗಲವೋ ಎಂಬುದು ಗೊತ್ತಾಗುತ್ತದೆ. ಎತ್ತರದ ಹಣೆಗೆ ಮೇಲಿನಿಂದ ಕೆಳಕ್ಕೆ ಇಳಿಯುವ ಕೂದಲು ಬೇಕು. ಅಗಲದ ಹಣೆಗೆ ಅದರ ಎರಡು ಮೂಲೆಗಳಲ್ಲಿ ಇಳಿಬಿಟ್ಟ ಎಳೆಗಳೇ ಸಾಕು, ನಡುಭಾಗವನ್ನು ಮುಟ್ಟುವುದೇ ಬೇಡ. ಈ ವ್ಯತ್ಯಾಸ ನೋಡದೆ ಎಲ್ಲರಿಗೂ ಒಂದೇ ಫ್ರಿಂಜ್ ಕತ್ತರಿಸುವುದು ನನಗೆ ಸರಿಕಾಣುವುದಿಲ್ಲ.

ಅಳತೆಗೆ ಸೆಲ್ಫಿ ನಂಬಬೇಡಿ. ಫೋನಿನ ಮುಂದಿನ ಕ್ಯಾಮೆರಾ ತನಗೆ ಹತ್ತಿರವಿದ್ದದ್ದನ್ನು ಹಿಗ್ಗಿಸಿ ತೋರಿಸುತ್ತದೆ. ಕೈ ಮೇಲೆತ್ತಿ ಫೋಟೋ ತೆಗೆದಾಗ ಲೆನ್ಸಿಗೆ ಎಲ್ಲಕ್ಕಿಂತ ಹತ್ತಿರವಿರುವುದು ಹಣೆ, ದೂರವಿರುವುದು ಗದ್ದ. ಹಾಗಾಗಿ ಮೇಲೆ ಅಗಲ, ಕೆಳಗೆ ಚೂಪು. ನನ್ನ ಮಗಳ ತಲೆಬಿಸಿ ಶುರುವಾಗಿದ್ದೇ ಇಂಥ ಫೋಟೋಗಳಿಂದ. ನಾಲ್ಕಾರು ಅಡಿ ದೂರದಿಂದ, ಕಣ್ಣಿನ ಮಟ್ಟದಲ್ಲಿ, ಬೇರೆಯವರ ಕೈಯಲ್ಲಿ ಫೋಟೋ ತೆಗೆಸಿ ನೋಡಿದರೆ ಅರ್ಧ ಚಿಂತೆ ಅಲ್ಲೇ ಕರಗುತ್ತದೆ.

ನನ್ನ ಅಜ್ಜಿಗೆ ಈ ಚಿಂತೆ ಇತ್ತೇ ಎಂದು ಯೋಚಿಸಿದ್ದೇನೆ. ಧಾರವಾಡದ ಕಡೆಯ ಆಕೆ ಸೆರಗನ್ನು ತಲೆಯ ಮೇಲೆ ಹೊದ್ದುಕೊಳ್ಳುತ್ತಿದ್ದಳು. ಸೆರಗಿನ ಅಂಚು ಕೂದಲಂಚಿಗಿಂತ ತುಸು ಮುಂದೆ ಬರುತ್ತಿತ್ತು. ಹಣೆಯ ನಡುವೆ ದುಂಡಗೆ, ದೊಡ್ಡದಾಗಿ ಕುಂಕುಮ. ನೋಡುವವರ ಕಣ್ಣು ನೆಟ್ಟಗೆ ಕುಂಕುಮಕ್ಕೇ ಹೋಗುತ್ತಿತ್ತು, ಹಣೆ ಎಲ್ಲಿ ಮುಗಿಯುತ್ತದೆ ಎಂದು ಹುಡುಕುತ್ತಿರಲಿಲ್ಲ. ಕೊಡಗಿನ ಹಿರಿಯ ಹೆಂಗಸರು ತಲೆಗೆ ಕಟ್ಟುವ ವಸ್ತ್ರ, ಹಳ್ಳಿಯ ಹಿರಿಯರ ಹುಬ್ಬುಗಳ ನಡುವಿನ ಹಚ್ಚೆ ಕೂಡ ಇದೇ ಕೆಲಸ ಮಾಡುತ್ತವೆ. ಯಾರೂ ಹಣೆ ಮರೆಮಾಡಲೆಂದು ಇವನ್ನು ಮಾಡಿಕೊಂಡವರಲ್ಲ, ಆದರೂ ಮುಖಕ್ಕೆ ಒಂದು ಚೌಕಟ್ಟು ದೊರೆಯುತ್ತಿತ್ತು. ಇವತ್ತಿಗೂ ಅಗಲ ಹಣೆಗೆ ನಾನು ಮೊದಲು ಹೇಳುವ ಉಪಾಯ ಬೊಟ್ಟು. ಸಾಸಿವೆ ಕಾಳಿನಷ್ಟು ಚಿಕ್ಕ ಸ್ಟಿಕ್ಕರನ್ನು ಹುಬ್ಬಿನ ಸಂದಿಗೆ ಅಂಟಿಸಿದರೆ ಮೇಲಿನ ಜಾಗವೆಲ್ಲ ಖಾಲಿ ಉಳಿಯುತ್ತದೆ. ಒಂದು ಅಳತೆ ದೊಡ್ಡದನ್ನು ಆರಿಸಿ, ಹುಬ್ಬಿನ ಗೆರೆಗಿಂತ ಅರ್ಧ ಬೆರಳು ಮೇಲೆ ಇಡಿ. ಕತ್ತರಿ ಹಿಡಿಯುವ ಮೊದಲು ಇದನ್ನೊಮ್ಮೆ ಮಾಡಿ ನೋಡಿ.

ಕತ್ತರಿಯ ವಿಷಯಕ್ಕೆ ಬರೋಣ. ಫ್ರಿಂಜ್ ನಿಮಗೆ ಒಪ್ಪುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಹಣೆಗಿಂತ ಹೆಚ್ಚಾಗಿ ನಿಮ್ಮ ಕೂದಲು. ಮುಂಭಾಗದಲ್ಲಿ ಸುಳಿ ಇದೆಯೇ ನೋಡಿಕೊಳ್ಳಿ. ತಲೆಗೆ ನೀರು ಹಾಕಿಕೊಂಡ ಮೇಲೆ ಬಾಚದೆ ಒಣಗಲು ಬಿಟ್ಟರೆ ಕೂದಲು ಯಾವ ಕಡೆ ತಿರುಗುತ್ತದೆ ಎಂದು ತಾನೇ ತೋರಿಸುತ್ತದೆ. ಸುಳಿ ಇದ್ದಲ್ಲಿ ನೇರ ಫ್ರಿಂಜ್ ನಡುವೆ ಸೀಳಿಕೊಂಡು ನಿಲ್ಲುತ್ತದೆ, ದಿನಾ ಬೆಳಿಗ್ಗೆ ಡ್ರೈಯರ್ ಹಿಡಿದು ಅದನ್ನು ಕೂರಿಸಬೇಕು. ಮುಂದಿನ ಕೂದಲು ತೆಳುವಾಗಿದ್ದರೆ ಹಣೆ ತುಂಬುವಷ್ಟು ಫ್ರಿಂಜ್ ಮಾಡಲು ಹಿಂದಿನಿಂದ ಕೂದಲು ಎಳೆದು ತರಬೇಕು, ಆಗ ಉದ್ದದ ಜಡೆಯೂ ಸಣಕಲಾಗುತ್ತದೆ. ಗುಂಗುರು ಕೂದಲಿನವರಿಗೆ ಹಸಿಯಾಗಿದ್ದಾಗ ಹುಬ್ಬಿನ ಮಟ್ಟಕ್ಕೆ ಕತ್ತರಿಸಿದ್ದು ಒಣಗಿದಾಗ ಹಣೆಯ ಅರ್ಧಕ್ಕೆ ಏರಿ ಕೂರುತ್ತದೆ. ಅಂಥವರು ಒಣಗಿದ ಕೂದಲಲ್ಲೇ, ಮೂಗಿನ ತುದಿಯವರೆಗೆ ಉದ್ದ ಬಿಟ್ಟು ಕತ್ತರಿಸಿಕೊಳ್ಳುವುದು ಕ್ಷೇಮ. ಹಾಗೆ ನೋಡಿದರೆ ಗುಂಗುರು ಕೂದಲಿನವರಿಗೆ ಈ ತಲೆನೋವೇ ಕಡಿಮೆ. ಬೈತಲೆಯ ಎರಡೂ ಪಕ್ಕ ಒಂದೊಂದು ಮುಂಗುರುಳು ಎಳೆದು ಬಿಟ್ಟರೆ ಆಯಿತು, ಕತ್ತರಿ ಬೇಕೇ ಇಲ್ಲ.

ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ಚಳಿಗಾಲದಲ್ಲಿ ಅಂದವಾಗಿ ನಿಲ್ಲುವ ಫ್ರಿಂಜ್ ಮಂಗಳೂರಿನ ಬೆವರಿನಲ್ಲಿ ಹಣೆಗೆ ಮೆತ್ತಿಕೊಳ್ಳುತ್ತದೆ. ರಾಯಚೂರಿನ ಏಪ್ರಿಲ್‌ನಲ್ಲಿ ಹಣೆ ಮೇಲೆ ಕೂದಲು ಹೊದ್ದುಕೊಂಡಿರಿ ಎಂದು ಯಾರಿಗೂ ಹೇಳಲಾರೆ. ತಲೆಗೆ ಎಣ್ಣೆ ಹಚ್ಚುವ ಅಭ್ಯಾಸವಿರುವ ಹುಡುಗಿಯರಿಗೆ ಇನ್ನೊಂದು ತೊಂದರೆ: ಎಣ್ಣೆ ಕೂದಲು ಹಗಲಿಡೀ ಚರ್ಮಕ್ಕೆ ತಾಗಿದರೆ ಕೂದಲಂಚಿನಲ್ಲಿ ಸಣ್ಣ ಸಣ್ಣ ಮೊಡವೆ ಏಳುತ್ತವೆ. ಇನ್ನು ಸ್ಕೂಟರಿನವರು. ಕರ್ನಾಟಕದಲ್ಲಿ 2016ರಿಂದ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ಹೆಲ್ಮೆಟ್ಟಿನ ಒತ್ತು ಬೀಳುವುದು ಸರಿಯಾಗಿ ಹಣೆಯ ಮೇಲೆ. ಆಫೀಸು ತಲುಪುವ ಹೊತ್ತಿಗೆ ನೇರ ಫ್ರಿಂಜ್ ಹಪ್ಪಳದಂತೆ ಅಂಟಿಕೊಂಡಿರುತ್ತದೆ. ದಿನಾ ಎರಡು ಚಕ್ರದ ಗಾಡಿಯಲ್ಲಿ ಓಡಾಡುವವರು ಬದಿಗೆ ಸರಿಸಬಲ್ಲ ಉದ್ದದ ಎಳೆಗಳನ್ನೇ ಆರಿಸಿಕೊಳ್ಳಿ, ಹೆಲ್ಮೆಟ್ ತೆಗೆದ ಮೇಲೆ ಬೆರಳಾಡಿಸಿದರೆ ಮತ್ತೆ ಎದ್ದು ನಿಲ್ಲುತ್ತವೆ.

ಹಾಗಾದರೆ ನನ್ನ ಮೆಚ್ಚಿನದು ಯಾವುದು? ಓರೆ ಬೈತಲೆ ಮತ್ತು ಅದರಿಂದ ಇಳಿಯುವ ಉದ್ದನೆಯ ಮುಂಗೂದಲು. ಒಂದು ಹುಬ್ಬಿನ ಕಮಾನಿನ ನೇರಕ್ಕೆ ಬೈತಲೆ ತೆಗೆದು, ಕೂದಲನ್ನು ಇನ್ನೊಂದು ಹುಬ್ಬಿನ ಹೊರತುದಿಯ ಕಡೆಗೆ ಓರೆಯಾಗಿ ಇಳಿಬಿಟ್ಟರೆ ಹಣೆ ಎರಡು ಭಾಗವಾಗುತ್ತದೆ. ಅರ್ಧ ತೆರೆದಿರುತ್ತದೆ, ಅರ್ಧ ಮರೆಯಾಗಿರುತ್ತದೆ. ಮುಖದ ಬೆಳಕು ಹಾಗೇ ಉಳಿಯುತ್ತದೆ. ಸೀರೆಗೂ ಹೊಂದುತ್ತದೆ, ಕುರ್ತಾಗೂ ಹೊಂದುತ್ತದೆ, ಬೇಡವೆನಿಸಿದ ದಿನ ಟಿಕ್‌ಟಾಕ್ ಕ್ಲಿಪ್ ಹಾಕಿ ಬದಿಗೆ ಸರಿಸಬಹುದು. ನಡುಬೈತಲೆಯೇ ಇಷ್ಟವೆನ್ನುವವರಿಗೆ ಈಗ ಪಾರ್ಲರಿನವರೆಲ್ಲ ಹೇಳುವ ಕರ್ಟನ್ ಬ್ಯಾಂಗ್ಸ್ ಇದೆ. ನಡುವೆ ಗಿಡ್ಡ, ಕೆನ್ನೆಯ ಕಡೆ ಬರುತ್ತಾ ಉದ್ದ. ಅರವತ್ತರ ದಶಕದಲ್ಲಿ ಫ್ರಾನ್ಸಿನ ನಟಿ ಬ್ರಿಜಿತ್ ಬಾರ್ದೊ ಇದಕ್ಕೆ ಹೆಸರಾಗಿದ್ದರು. ಕೆನ್ನೆಮೂಳೆಯ ಮಟ್ಟಕ್ಕೆ ಎಳೆಗಳು ಮುಗಿಯುವಂತೆ ಮಾಡಿಸಿದರೆ ಕಣ್ಣು ಹಣೆಯನ್ನು ಬಿಟ್ಟು ಕೆನ್ನೆಗೆ ಇಳಿಯುತ್ತದೆ. ಜಡೆ ಹಾಕುವವರಿಗೂ ಇದು ಅನುಕೂಲ, ಜಡೆ ಹಾಕಿದ ಮೇಲೂ ಆ ಎರಡು ಎಳೆ ಹೊರಗೇ ಉಳಿಯುತ್ತವೆ.

ಕೂದಲಿನ ಉಬ್ಬು ಎಲ್ಲಿರಬೇಕು ಎನ್ನುವುದರಲ್ಲಿ ಬಹಳ ಜನ ತಪ್ಪುತ್ತಾರೆ. ಒಂದು ಕಾಲದಲ್ಲಿ ಮದುವೆ ಮನೆಗಳಲ್ಲೆಲ್ಲ ಮೆರೆದ ಪಫ್ ಮುಂಗೂದಲನ್ನೆಲ್ಲ ಹಿಂದಕ್ಕೆ ಒಯ್ದು ನೆತ್ತಿಯಲ್ಲಿ ಎತ್ತರ ಕೂರಿಸುತ್ತದೆ. ಎತ್ತರದ ಹಣೆಗೆ ಅದು ಇನ್ನೊಂದು ಮಹಡಿ ಕಟ್ಟಿದ ಹಾಗಾಗುತ್ತದೆ. ನೆತ್ತಿಯ ಮೇಲಿನ ಬಿಗಿ ಪೋನಿಟೇಲ್, ಎತ್ತರದ ಬನ್ ಕೂಡ ಹಾಗೇ. ಉಬ್ಬು ಬೇಕಾದದ್ದು ಕಿವಿಯ ಪಕ್ಕ, ಗದ್ದದ ಸುತ್ತ. ಗದ್ದದವರೆಗಿನ ಬಾಬ್, ಭುಜದ ಮೇಲೆ ಒಳಕ್ಕೆ ತಿರುಗಿದ ಲೇಯರ್, ಕುತ್ತಿಗೆಯ ಮಟ್ಟದಲ್ಲಿ ಸಡಿಲವಾಗಿ ಕಟ್ಟಿದ ತುರುಬು, ಒಂದು ಭುಜದ ಮೇಲಿಂದ ಮುಂದಕ್ಕೆ ಬಿಟ್ಟ ಹೆರಳು, ಇವೆಲ್ಲ ಕೆಳಗಿನ ಅರ್ಧಕ್ಕೆ ಮೈ ತುಂಬುತ್ತವೆ.

ಕತ್ತರಿಸುವ ಮೊದಲು ಮನೆಯಲ್ಲೇ ಹೀಗೆ ಮಾಡಿ: ನೆತ್ತಿಯಲ್ಲಿ ಪೋನಿಟೇಲ್ ಹಾಕಿ, ಅದರ ತುದಿಯನ್ನು ಹಣೆಯ ಮೇಲೆ ಮಡಚಿ ಪಿನ್ ಮಾಡಿಕೊಂಡು ಒಂದು ಸಂಜೆ ಮನೆಯಲ್ಲಿ ಓಡಾಡಿ. ಕಣ್ಣಿಗೆ ಕಿರಿಕಿರಿ ಆಗುತ್ತದೆಯೇ, ಕೈ ಪದೇಪದೇ ಹಣೆಗೆ ಹೋಗುತ್ತದೆಯೇ ಎಂದು ಅಷ್ಟರಲ್ಲಿ ತಿಳಿಯುತ್ತದೆ. ಪಾರ್ಲರಿಗೆ ಹೋದಾಗ ಮೂರು ವಿಷಯ ಬಾಯಿಬಿಟ್ಟು ಹೇಳಿ. ತ್ರಿಕೋನದಲ್ಲಿ ಕೂದಲು ತೆಗೆದುಕೊಳ್ಳಿ, ಅದರ ಅಗಲ ಹುಬ್ಬಿನ ಹೊರತುದಿಗಳನ್ನು ದಾಟುವುದು ಬೇಡ, ಮೊದಲ ಸಲ ಮೂಗಿನ ಉದ್ದಕ್ಕೇ ನಿಲ್ಲಿಸಿ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಹುಬ್ಬಿನ ಮಟ್ಟದಲ್ಲಿ ಕತ್ತರಿಸಿದ್ದು ಕಿವಿಯ ಹಿಂದೆ ಸಿಕ್ಕಿಸುವಷ್ಟು ಬೆಳೆಯಲು ಅರ್ಧ ವರ್ಷವಾದರೂ ಬೇಕು, ಹಾಗೇ ಉಳಿಸಿಕೊಳ್ಳಬೇಕೆಂದರೆ ಮೂರು ನಾಲ್ಕು ವಾರಕ್ಕೊಮ್ಮೆ ಕತ್ತರಿ ತಾಗಿಸಬೇಕು.

ಅಲ್ಲೇ ಕೂತಿರುವಾಗ ಹುಬ್ಬಿನ ಬಗ್ಗೆಯೂ ಹೇಳಿ. ಥ್ರೆಡಿಂಗ್ ಮಾಡುತ್ತಾ ಹುಬ್ಬನ್ನು ದಾರದೆಳೆಯಷ್ಟು ತೆಳುವಾಗಿಸಿದರೆ ಹಣೆಯ ಕೆಳಗಿನ ಬೇಲಿಯೇ ಹೋದಂತೆ. ದಟ್ಟ ಹುಬ್ಬು ಹಣೆಯನ್ನು ಚಿಕ್ಕದಾಗಿ ತೋರಿಸುತ್ತದೆ. ಕನ್ನಡಕದ ಮೇಲಂಚು ಗಾಢ ಬಣ್ಣದ್ದಿದ್ದರೂ ಅಷ್ಟೇ ಪರಿಣಾಮ.

ಮದುವೆಯ ಅಲಂಕಾರದಲ್ಲಿ ನಮ್ಮ ಸಂಪ್ರದಾಯ ಅಗಲ ಹಣೆಯ ಹುಡುಗಿಯ ಕೈಬಿಡುವುದಿಲ್ಲ. ಬೈತಲೆ ಬೊಟ್ಟು, ಅದರ ಎರಡು ಪಕ್ಕಕ್ಕೆ ಸೂರ್ಯ ಚಂದ್ರ, ಕೂದಲಂಚಿನಗುಂಟ ಸಾಗುವ ಮುತ್ತಿನ ಸರ. ಭರತನಾಟ್ಯದ ಹುಡುಗಿಯರು ಕೂದಲನ್ನು ಪೂರ್ತಿ ಹಿಂದಕ್ಕೆ ಬಾಚಿದರೂ ಹಣೆ ಖಾಲಿ ಅನಿಸದಿರುವುದು ಇವುಗಳಿಂದಲೇ. ಸಣ್ಣ ಹಣೆಯವರಿಗೆ ಇಷ್ಟೆಲ್ಲ ಒಡವೆ ಇಡಲು ಜಾಗವೇ ಇರುವುದಿಲ್ಲ, ನಮ್ಮಂಥವರ ಹಣೆಯ ಮೇಲೆ ಪ್ರತಿಯೊಂದೂ ಬಿಡಿಬಿಡಿಯಾಗಿ ಮೆರೆಯುತ್ತದೆ. ಅಕ್ಕನ ಮಗಳ ಮದುವೆಯಲ್ಲಿ ಬೈತಲೆ ಬೊಟ್ಟಿನ ಪದಕವನ್ನು ಹಣೆಯ ನಡುಭಾಗದವರೆಗೆ ಇಳಿಬಿಡಿಸಿ, ಕೆಳಗೆ ಕುಂಕುಮವಿಟ್ಟು, ಕಿವಿಯ ಹಿಂದಿನಿಂದ ಮಲ್ಲಿಗೆ ಕಾಣುವಂತೆ ಮೊಗ್ಗಿನ ಜಡೆ ಹೆಣೆಸಿದೆವು. ಮೇಕಪ್ಪಿನವರು ಕೂದಲಂಚಿನ ತೆಳು ಜಾಗಗಳಿಗೆ ಕೂದಲ ಬಣ್ಣದ ಪುಡಿಯನ್ನು ಬ್ರಶ್ಶಿನಲ್ಲಿ ಲೇಪಿಸಿದರು. ಎಷ್ಟು ಲಕ್ಷಣವಾಗಿ ಕಂಡಳು ಅಂದರೆ, ಈಗಲೂ ಆ ಫೋಟೋ ತೆಗೆದು ನೋಡುತ್ತಿರುತ್ತೇನೆ. ಒಂದೇ ಎಚ್ಚರಿಕೆ: ಒಡವೆಯ ಭಾರವೆಲ್ಲ ಮುಂಗೂದಲಿನ ಮೇಲೆ ಬೀಳದಂತೆ ಹಿಂದಿನ ದಟ್ಟ ಕೂದಲಿಗೆ ಕೊಕ್ಕೆ ಹಾಕಿಸಿ.

ಭಾರದ ಮಾತು ಬಂದದ್ದಕ್ಕೆ, ನನಗೆ ಈ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿಗೆ ಬರುತ್ತೇನೆ. ಹುಟ್ಟಿನಿಂದ ಬಂದ ಅಗಲ ಹಣೆ ಬೇರೆ, ವರ್ಷ ವರ್ಷ ಹಿಂದೆ ಸರಿಯುತ್ತಿರುವ ಕೂದಲಂಚು ಬೇರೆ. ಎರಡನೆಯದನ್ನು ಫ್ರಿಂಜ್ ಹಾಕಿ ಮುಚ್ಚಿಕೊಂಡು ಕೂರಬಾರದು. ಹಳೆಯ ಫೋಟೋಗಳನ್ನು ಈಗಿನದರ ಪಕ್ಕ ಇಟ್ಟು ಹೋಲಿಸಿ. ಹೆರಿಗೆಯಾಗಿ ಎರಡರಿಂದ ನಾಲ್ಕು ತಿಂಗಳಿಗೆ ಕೂದಲು ರಾಶಿ ರಾಶಿ ಉದುರುವುದು ಸಹಜ, ಮಗು ಮುಖ ಗುರುತು ಹಿಡಿಯುವ ಹೊತ್ತಿಗೆ ತಾಯಿಯ ಕೂದಲು ಉದುರುತ್ತದೆ ಎಂದು ಹಿರಿಯರು ಹೇಳುವುದುಂಟು. ಅದು ಬಹುಪಾಲು ಒಂದು ವರ್ಷದೊಳಗೆ ಮರಳಿ ಬರುತ್ತದೆ, ಕೂದಲಂಚಿನಲ್ಲಿ ಗಿಡ್ಡ ಎಳೆಗಳು ಎದ್ದು ನಿಂತದ್ದು ಒಳ್ಳೆಯ ಸೂಚನೆ. ಕಬ್ಬಿಣದ ಕೊರತೆ, ಥೈರಾಯ್ಡ್ ಏರುಪೇರಿನಿಂದ ಉದುರುವುದೂ ಇದೆ, ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಮುಟ್ಟು ನಿಂತ ಮೇಲೆ ಕೆಲವರಿಗೆ ಕೂದಲಂಚು ಒಂದು ಪಟ್ಟಿಯ ಹಾಗೆ ಹಿಂದೆ ಸರಿದು, ಆ ಜಾಗದ ಚರ್ಮ ನುಣ್ಣಗೆ ಬೆಳ್ಳಗಾಗಿ, ಜೊತೆಗೆ ಹುಬ್ಬೂ ಉದುರುತ್ತದೆ. ಆಸ್ಟ್ರೇಲಿಯಾದ ಚರ್ಮವೈದ್ಯ ಸ್ಟೀವನ್ ಕೊಸಾರ್ಡ್ 1994ರಲ್ಲಿ ಮೊದಲಿಗೆ ವಿವರಿಸಿದ ಈ ಕಾಯಿಲೆಗೆ ಫ್ರಂಟಲ್ ಫೈಬ್ರೋಸಿಂಗ್ ಅಲೋಪೇಶಿಯಾ ಎನ್ನುತ್ತಾರೆ. ಇದರಲ್ಲಿ ಹೋದ ಕೂದಲು ಮರಳುವುದಿಲ್ಲ, ಬೇಗ ತೋರಿಸಿದರೆ ಮುಂದೆ ಹರಡುವುದನ್ನು ತಡೆಯಬಹುದು. "ವಯಸ್ಸಾಯ್ತು, ಇನ್ನೇನು" ಎಂದು ಸುಮ್ಮನಿರುವ ಅಮ್ಮಂದಿರು, ಚಿಕ್ಕಮ್ಮಂದಿರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಚರ್ಮವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ನಮ್ಮ ಕಡೆ ಇವೆಲ್ಲಕ್ಕಿಂತ ಸಾಮಾನ್ಯವಾಗಿ ನನ್ನ ಕಣ್ಣಿಗೆ ಬೀಳುವುದು ಎಳೆತ. ಹಸಿ ಕೂದಲಿಗೆ ಎಣ್ಣೆ ಹಚ್ಚಿ, ಒಂದೆಳೆಯೂ ಹಾರದಂತೆ ಬಾಚಿ, ಕಣ್ಣು ಓರೆಯಾಗುವಷ್ಟು ಬಿಗಿಯಾಗಿ ಹೆಣೆದ ಜಡೆ. ಒಪ್ಪವಾಗಿ ಜಡೆ ಹಾಕುವುದೆಂದರೆ ಬಿಗಿಯಾಗಿ ಹಾಕುವುದು ಎಂದೇ ನಮ್ಮ ಅಮ್ಮಂದಿರು ಕಲಿತರು. ಅದರಲ್ಲಿ ಪ್ರೀತಿಯೇ ಇದ್ದದ್ದು. ಆದರೆ ವರ್ಷಗಟ್ಟಲೆ ದಿನಾ ಎಳೆದರೆ ಹಣೆಯ ಮೇಲಿನ, ಪಕ್ಕದ ಬೇರುಗಳು ಸೋಲುತ್ತವೆ. ಮೊದಲು ಕೂದಲ ಬುಡದಲ್ಲಿ ಸಣ್ಣ ಗುಳ್ಳೆ, ತುಂಡಾದ ಎಳೆ, ಸಂಜೆ ಜಡೆ ಬಿಚ್ಚಿದಾಗ ಬುಡದಲ್ಲಿ ನೋವು. ಆಮೇಲೆ ಕೂದಲಂಚಿನಲ್ಲಿ ತೆಳ್ಳನೆಯ ನವಿರು ಮಾತ್ರ ಉಳಿದು ಅದರ ಹಿಂದೆ ಬೋಳು ಪಟ್ಟಿ ಕಾಣಿಸುತ್ತದೆ. ವೈದ್ಯರು ಇದನ್ನು ಟ್ರ್ಯಾಕ್ಷನ್ ಅಲೋಪೇಶಿಯಾ ಎನ್ನುತ್ತಾರೆ. ಬೇಗ ಎಳೆತ ನಿಲ್ಲಿಸಿದರೆ ಕೂದಲು ಮತ್ತೆ ಬರುತ್ತದೆ, ಬಹಳ ಕಾಲ ಬಿಟ್ಟರೆ ಬೇರೇ ಸತ್ತುಹೋಗುತ್ತದೆ. ಅಗಲ ಹಣೆ ಎಂದು ಬೇಸರಪಡುವ ಎಷ್ಟೋ ಹುಡುಗಿಯರ ಹಣೆಯ ಒಂದು ಪಾಲು ಹೀಗೆ ಜಡೆಯೇ ಬರೆದದ್ದಿರಬಹುದು.

ಮಗಳ ಶಾಲೆಯಲ್ಲಿ ಎರಡು ಜಡೆ ಹಾಕಲೇಬೇಕು. ಹಾಗಾಗಿ ನಮ್ಮ ಮನೆಯ ಪದ್ಧತಿ ಹೀಗಿದೆ: ಕೂದಲು ಒಣಗಿದ ಮೇಲೇ ಜಡೆ. ಮೊದಲ ಮೂರು ಹೆಣಿಗೆ ಸಡಿಲ, ಕಿವಿಯ ಕೆಳಗೆ ಬಂದ ಮೇಲೆ ಬಿಗಿ. ಬೈತಲೆಯ ಜಾಗ ವಾರಕ್ಕೊಮ್ಮೆ ಒಂದಿಷ್ಟು ಆಚೀಚೆ. ರಬ್ಬರ್ ಬ್ಯಾಂಡ್ ಬದಲು ಬಟ್ಟೆಯ ಟೇಪು. ಜಡೆ ಮುಗಿದ ಮೇಲೆ ಹುಬ್ಬು ಮೇಲೆತ್ತಿ ತೋರಿಸು ಎನ್ನುತ್ತೇನೆ, ಹಣೆಯಲ್ಲೆಲ್ಲಾದರೂ ಎಳೆದಂತಾದರೆ ಬಿಚ್ಚಿ ಮತ್ತೆ ಹಾಕುತ್ತೇನೆ. ಮನೆಗೆ ಬಂದ ಕೂಡಲೇ ಬಿಚ್ಚಿ, ರಾತ್ರಿಗೆ ಒಂದೇ ಸಡಿಲ ಜಡೆ. ರಜೆಯ ದಿನ ಅವಳಿಗೆ ಓರೆ ಬೈತಲೆ ತೆಗೆದು ಮುಂಗೂದಲು ಇಳಿಬಿಡುತ್ತೇವೆ. ಕತ್ತರಿಸುವುದೋ ಬೇಡವೋ ಎಂದು ಅವಳಿನ್ನೂ ತೀರ್ಮಾನಿಸಿಲ್ಲ. ಬೇಸಿಗೆ ರಜೆಯಲ್ಲಿ ಕತ್ತರಿಸಿ ನೋಡುವುದಾದರೆ ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಅದು ಪಿನ್ನಿಗೆ ಸಿಗುವಷ್ಟು ಉದ್ದವಿರಬೇಕು, ಆದ್ದರಿಂದ ಮೂಗಿನಿಂದ ಮೇಲಕ್ಕೆ ಬೇಡ ಎಂದಷ್ಟೇ ಹೇಳಿಟ್ಟಿದ್ದೇನೆ.